ಐಪಿ ಅರ್ಜಿ: ಕೆಲಸವೆಲ್ಲ ಎರಡು ಪಟ್ಟಿಯಲ್ಲಿ

ಶಿವಮೊಗ್ಗದ ಕಡೆ ಸಾಲ ಕೈಮೀರಿದವರು ವಕೀಲರ ಆಫೀಸಿಗೆ ಬಂದರೆ ಮೊದಲ ಮಾತೇ ‘ಸಾರ್, ಐಪಿ ಹಾಕ್ಬಿಡೋಣ್ವಾ?’ ಅಂತ. ಐಪಿ ಎಂದರೆ ಇನ್ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ಹಾಕಿದ ಮರುದಿನದಿಂದ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ, ಚೆಕ್ ಕೇಸು ನಿಲ್ಲುತ್ತದೆ, ತೋಟವೂ ಉಳಿಯುತ್ತದೆ ಎಂಬ ನಂಬಿಕೆ. ಮೂರೂ ತಪ್ಪು. ದಿವಾಳಿ ಅರ್ಜಿ ಎಂದರೆ ನನ್ನಲ್ಲಿರುವುದನ್ನೆಲ್ಲ ಕೋರ್ಟು ತೆಗೆದುಕೊಂಡು ಸಾಲ ಕೊಟ್ಟವರಿಗೆ ಹಂಚಲಿ, ಉಳಿದ ಸಾಲದಿಂದ ನನ್ನನ್ನು ಬಿಡಿಸಲಿ ಎಂಬ ಕೋರಿಕೆ. ಮೊದಲರ್ಧ ಕೊಡಲು ಮನಸ್ಸಿಲ್ಲದವರಿಗೆ ಎರಡನೆಯರ್ಧ ಸಿಗುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಕೆಲವರು ಅಲ್ಲಿಂದಲೇ ಎದ್ದು ಹೋಗುತ್ತಾರೆ. ಹೋಗುವುದೇ ಒಳ್ಳೆಯದು.

ಯೂಟ್ಯೂಬ್ ನೋಡಿಕೊಂಡು ಬಂದವರು 2016ರ ದಿವಾಳಿ ಸಂಹಿತೆಯ ಬಗ್ಗೆ ಕೇಳುತ್ತಾರೆ. ಅದರಲ್ಲಿ ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದವರಿಗೆ ಸಾಲದಿಂದ ಪೂರ್ತಿ ಬಿಡುಗಡೆ ಕೊಡುವ ಒಂದು ದಾರಿ ಇರುವುದು ನಿಜ. ಆದರೆ ಆ ಭಾಗ ಪುಸ್ತಕದಲ್ಲಿದೆ, ಜಾರಿಯಲ್ಲಿಲ್ಲ. ವ್ಯಕ್ತಿಗಳ ಮಟ್ಟಿಗೆ ಸಂಹಿತೆ 2019ರ ಡಿಸೆಂಬರ್ 1ರಿಂದ ಅನ್ವಯವಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಮಿಕ್ಕ ರೈತರು, ಅಂಗಡಿಯವರು, ಮೇಷ್ಟ್ರು, ಲಾರಿ ಇಟ್ಟವರು ಎಲ್ಲರಿಗೂ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಾಲಗಾರ ತಾನಾಗಿ ಅರ್ಜಿ ಹಾಕಲು ಕನಿಷ್ಠ 500 ರೂಪಾಯಿ ಸಾಲವಿರಬೇಕು ಎನ್ನುತ್ತದೆ ಅದರ 10ನೇ ಕಲಮು. ಮೊತ್ತ ನೋಡಿದರೇ ಕಾಯ್ದೆಯ ವಯಸ್ಸು ತಿಳಿಯುತ್ತದೆ. 500 ರೂಪಾಯಿ ಸಾಲವಿಲ್ಲದಿದ್ದರೂ, ಡಿಕ್ರಿ ಅಮಲ್ಜಾರಿಯಲ್ಲಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಪನ್ನು ಜಾರಿ ಮಾಡುವಾಗ, ಬಂಧನವಾಗಿದ್ದರೆ ಅಥವಾ ಆಸ್ತಿ ಜಪ್ತಿಯಲ್ಲಿದ್ದರೆ ಅರ್ಜಿ ಹಾಕಬಹುದು. ವಾಸ ಅಥವಾ ವ್ಯಾಪಾರ ಎಲ್ಲಿದೆಯೋ ಆ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯ, ಇಲ್ಲವೇ ಸರ್ಕಾರ ಈ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ಕೋರ್ಟಿನಲ್ಲಿ ಹಾಕಬೇಕು.

ಅರ್ಜಿ ಬರೆಯುವ ಮೊದಲು ಸಾಲದ ಜಾತಿ ನೋಡುತ್ತೇನೆ. ಒಂದೇ ಬ್ಯಾಂಕು, ಅದಕ್ಕೆ ಮನೆ ಅಡವು, ಬೇರೆ ಸಾಲವಿಲ್ಲ ಎಂದಾದರೆ ಐಪಿಯಿಂದ ಪ್ರಯೋಜನವಿಲ್ಲ. ಅಡವಿನ ಸಾಲ ಕೊಟ್ಟವರು ತಮ್ಮ ಅಡವನ್ನು ವಸೂಲು ಮಾಡಿಕೊಳ್ಳುವ ಹಕ್ಕಿಗೆ 28(6) ಕಲಮು ಕೈ ಹಚ್ಚುವುದಿಲ್ಲ. ಸರ್ಫೇಸಿ (ಬ್ಯಾಂಕು ಕೋರ್ಟಿಗೆ ಹೋಗದೆಯೇ ಅಡವನ್ನು ವಶಕ್ಕೆ ತೆಗೆದುಕೊಳ್ಳುವ ಕಾಯ್ದೆ) ನೋಟಿಸು ಬಂದಿದ್ದರೆ ಅದರ ಜಾಗ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ. ಅಂಥವರಿಗೆ ಒನ್ ಟೈಮ್ ಸೆಟ್ಲ್‌ಮೆಂಟಿನ ಮಾತುಕತೆಯೇ ಮೇಲು. ತಲೆನೋವೆಲ್ಲ ಚೆಕ್ ಬೌನ್ಸ್ ಕೇಸುಗಳಿಂದಲೇ ಎನ್ನುವವರಿಗೂ ಇದು ಮದ್ದಲ್ಲ. 138ರ ಕೇಸು ಕ್ರಿಮಿನಲ್, ಅದು ತನ್ನ ಪಾಡಿಗೆ ನಡೆಯುತ್ತದೆ. ಅದನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಲು ನೋಡುತ್ತೇನೆ. ಮೀಟರ್ ಬಡ್ಡಿಯವರ ಕಾಟ ಮಾತ್ರ ಎಂದಾದರೆ 2004ರ ದುಬಾರಿ ಬಡ್ಡಿ ನಿಷೇಧ ಕಾಯ್ದೆಯಡಿ ದೂರು ಕೊಡಿಸುವುದು ಬೇಗ ಫಲ ಕೊಡುತ್ತದೆ. ಐಪಿ ಹೊಂದುವುದು ಭದ್ರತೆಯಿಲ್ಲದ ಸಾಲ ಹತ್ತಾರು ಕಡೆ ಹರಡಿ, ಇರುವ ಆಸ್ತಿ ಯಾವುದಕ್ಕೂ ಸಾಲದೆ, ಒಂದೊಂದೇ ಡಿಕ್ರಿಯಾಗಿ ಬರುತ್ತಿರುವವರಿಗೆ.

ಹಾಗಿದ್ದರೆ ಸಾಲದ ಪಟ್ಟಿಗೆ ಕೂರುತ್ತೇವೆ. 13ನೇ ಕಲಮು ಪ್ರತಿ ಸಾಲದ ಮೊತ್ತ, ವಿವರ, ಕೊಟ್ಟವರ ಹೆಸರು, ವಿಳಾಸ ಕೇಳುತ್ತದೆ. ಗೊತ್ತಿರುವಷ್ಟು ಬರೆದರೆ ಸಾಲದು, ತಕ್ಕ ಎಚ್ಚರ ವಹಿಸಿದರೆ ತಿಳಿಯಬಹುದಾದಷ್ಟನ್ನೂ ಬರೆಯಬೇಕು. ಕಕ್ಷಿದಾರರ ನೆನಪನ್ನು ನಂಬುವುದಿಲ್ಲ. ಮೊದಲು ಸಿಬಿಲ್ ವರದಿ ತರಿಸುತ್ತೇನೆ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಬ್ಯಾಂಕು, ಫೈನಾನ್ಸ್, ಕ್ರೆಡಿಟ್ ಕಾರ್ಡು, ಮೊಬೈಲ್ ಕಂತಿನಲ್ಲಿ ಕೊಂಡದ್ದು ಎಲ್ಲ ಅಲ್ಲಿ ಕಾಣುತ್ತದೆ. ಕಾಣದೇ ಇರುವುದು ಮಲೆನಾಡಿನ ನಿಜವಾದ ಸಾಲ: ಅಡಿಕೆ ಮಂಡಿಯಲ್ಲಿ ಫಸಲಿನ ಮೇಲೆ ಎತ್ತಿದ ಮುಂಗಡ, ಚೀಟಿ, ಕೈಸಾಲ, ಗೊಬ್ಬರದಂಗಡಿಯ ಉದ್ರಿ, ಭಾವಮೈದುನನ ಹತ್ತಿರ ಪತ್ರವಿಲ್ಲದೆ ತಂದದ್ದು. ಇವಕ್ಕೆ ಮೂರು ವರ್ಷದ ಬ್ಯಾಂಕ್ ಪಾಸ್‌ಬುಕ್ಕು, ಮಂಡಿಯ ಲೆಕ್ಕದ ಚೀಟಿ, ಫೋನ್‌ಪೇ ಇತಿಹಾಸ ಇಟ್ಟುಕೊಂಡು ಸಾಲು ಸಾಲಾಗಿ ಕೇಳಬೇಕು. ‘ಈ 40,000 ಯಾರಿಗೆ ಹೋಯ್ತು?’ ಎಂದರೆ ಮರೆತ ಸಾಲವೊಂದು ಹೊರಬೀಳುತ್ತದೆ.

ಚೀಟಿಯ ಬಗ್ಗೆ ಗೊಂದಲ ಜಾಸ್ತಿ. ಎತ್ತಿದ ಚೀಟಿಯಾದರೆ ಮುಂದಿನ ಕಂತುಗಳು ಸಾಲ. ಎತ್ತದ ಚೀಟಿಯಾದರೆ ಕಟ್ಟಿದ ಹಣ ಆಸ್ತಿ, ಅದು ಇನ್ನೊಂದು ಪಟ್ಟಿಗೆ ಹೋಗಬೇಕು. ಖಾಲಿ ಚೆಕ್ ಮತ್ತು ಸಹಿ ಮಾಡಿದ ಬಾಂಡ್ ಪೇಪರ್ ಯಾರ ಕೈಲಿವೆ ಎಂಬುದಕ್ಕೆ ಬೇರೆಯೇ ಒಂದು ಹಾಳೆ ಮಾಡುತ್ತೇನೆ, ಚೆಕ್ ನಂಬರ್ ಸಮೇತ. ನಾಳೆ ಅದರಲ್ಲಿ ಐದು ಲಕ್ಷ ತುಂಬಿಕೊಂಡು ಬಂದವರನ್ನು ಪ್ರಶ್ನಿಸಲು ಇದೊಂದೇ ಆಧಾರ. ಕೈಸಾಲದವರ ವಿಷಯದಲ್ಲಿ ಅಸಲೆಷ್ಟು, ಕಟ್ಟಿದ ಬಡ್ಡಿ ಎಷ್ಟು, ಈಗ ಅವರು ಕೇಳುತ್ತಿರುವುದೆಷ್ಟು ಎಂದು ಮೂರು ಅಂಕಣ ಹಾಕಿ, ಒಪ್ಪದ ಮೊತ್ತದ ಮುಂದೆ ‘ವಿವಾದಿತ’ ಎಂದು ಬರೆಯುತ್ತೇನೆ. ಹೆಸರನ್ನೇ ಬಿಡುವುದು ಬೇಡ. ಬಿಟ್ಟವರಿಗೆ ನೋಟಿಸು ಹೋಗುವುದಿಲ್ಲ, ಆಮೇಲೆ ಅವರೇ ಬಂದು ಮುಚ್ಚಿಟ್ಟಿದ್ದಾರೆ ಎಂದು ತಕರಾರು ಹಾಕುತ್ತಾರೆ.

ಜಾಮೀನುದಾರರನ್ನೂ ಆಗಲೇ ಕೇಳಿ ಬರೆದುಕೊಳ್ಳುತ್ತೇನೆ. ಸೊಸೈಟಿ ಸಾಲಕ್ಕೆ ಊರಿನ ಮೇಷ್ಟ್ರು ಸಹಿ ಹಾಕಿರುತ್ತಾರೆ. ಸಾಲಗಾರನಿಗೆ ಬಿಡುಗಡೆ ಸಿಕ್ಕರೂ ಜಾಮೀನು ನಿಂತವರ ಹೊಣೆ ಹೋಗುವುದಿಲ್ಲ ಎಂದು 44ನೇ ಕಲಮಿನಲ್ಲೇ ಇದೆ. ಅವರಿಗೆ ಅರ್ಜಿಗೆ ಮುಂಚೆ ತಿಳಿಸುವುದು ಮರ್ಯಾದೆ. ಸಂಬಳದಲ್ಲಿ ಕಡಿತ ಶುರುವಾದ ಮೇಲೆ ಅವರು ಕೋರ್ಟಿಗೆ ಬರುವುದು ಸಿಟ್ಟಿನಿಂದಲೇ.

ಆಸ್ತಿ ಪಟ್ಟಿ ಇನ್ನೂ ಕಷ್ಟ. ಪ್ರತಿ ಆಸ್ತಿಯ ಬೆಲೆ, ಅದಿರುವ ಜಾಗ, ಅದನ್ನು ಕೋರ್ಟಿನ ವಶಕ್ಕೆ ಕೊಡಲು ಸಿದ್ಧ ಎಂಬ ಘೋಷಣೆ ಬೇಕು. ಪಹಣಿ, ಮುಟೇಶನ್, ಋಣಭಾರ ಪತ್ರ, ನಾಡಕಚೇರಿಯ ವಂಶವೃಕ್ಷ ಇಷ್ಟಿಲ್ಲದೆ ನಾನು ಬರೆಯಲು ಕೂರುವುದಿಲ್ಲ. ಪಹಣಿ ಅಪ್ಪನ ಹೆಸರಲ್ಲಿದ್ದು, ಅಪ್ಪ ತೀರಿಕೊಂಡು, ಅಣ್ಣ ತಮ್ಮ ಅಕ್ಕ ತಂಗಿಯರ ಪಾಲಾಗದ ತೋಟವೇ ಇಲ್ಲಿ ಹೆಚ್ಚು. ಆಗ ‘ಒಟ್ಟು ಇಷ್ಟು ಎಕರೆ, ಅದರಲ್ಲಿ ಅರ್ಜಿದಾರರ ಪಾಲು ಇಷ್ಟು’ ಎಂದು ಬರೆಯಬೇಕು. ಪೂರ್ತಿ ಬರೆದರೆ ಒಡಹುಟ್ಟಿದವರ ಪಾಲಿನ ಮೇಲೂ ರಿಸೀವರ್, ಅಂದರೆ ಆಸ್ತಿ ವಹಿಸಿಕೊಳ್ಳಲು ಕೋರ್ಟು ನೇಮಿಸುವವರ, ಕಣ್ಣು ಬೀಳುತ್ತದೆ, ಏನೂ ಬರೆಯದಿದ್ದರೆ ಮರೆಮಾಚಿದಂತೆ. ಸೊಪ್ಪಿನಬೆಟ್ಟ ಸ್ವಂತದ್ದಲ್ಲ, ಸರ್ಕಾರದ ಜಾಗದಲ್ಲಿ ತೋಟಕ್ಕೆ ಸೇರಿದ ಸವಲತ್ತು ಮಾತ್ರ. ಹಾಗೆಂದೇ ನಮೂದಿಸುತ್ತೇನೆ. ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ) ಜಮೀನಿನ ಸಕ್ರಮಕ್ಕೆ ನಮೂನೆ 50, 53, 57ರಲ್ಲಿ ಯಾವುದು ಹಾಕಿದ್ದಾರೆ, ಮಂಜೂರಾಗಿದೆಯೇ ಎಂಬುದನ್ನು, ಶರಾವತಿ ಮುಳುಗಡೆಯಿಂದ ಎದ್ದು ಬಂದವರ ಜಾಗಕ್ಕೆ ಹಕ್ಕುಪತ್ರ ಇದೆಯೇ ಎಂಬುದನ್ನು ಒಂದೊಂದು ಸಾಲಿನಲ್ಲಿ ಹೇಳಬೇಕು. ಮಂಡಿಯಲ್ಲಿ ದಾಸ್ತಾನಿಟ್ಟ ಅಡಿಕೆ, ಸೊಸೈಟಿಯ ಷೇರು ಹಣ, ಅಡವಿಟ್ಟ ಬಂಗಾರ ಇವನ್ನು ಜನ ಆಸ್ತಿ ಎಂದೇ ಎಣಿಸುವುದಿಲ್ಲ. ಹೆಂಡತಿಯ ತವರಿನ ಒಡವೆ ಆಕೆಯದೇ. ಆದರೆ ಅದು ಗಂಡನ ಹೆಸರಲ್ಲಿ ಅಡವಾಗಿದ್ದರೆ ಆ ಸಂಗತಿಯನ್ನು ಬಿಡಿಸಿ ಬರೆಯದೆ ದಾರಿಯಿಲ್ಲ.

ಎಲ್ಲವೂ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಮನೆಯವರು ಹೆದರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಉಳಿಸಿದ್ದನ್ನು ದಿವಾಳಿ ಕಾಯ್ದೆಯೂ ಉಳಿಸುತ್ತದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಮಾನು, ದನ, ಬಿತ್ತನೆ ಬೀಜ, ರೈತ ಅಥವಾ ಕೂಲಿಯವರು ತಾವೇ ವಾಸವಿರುವ ಸ್ವಂತ ಮನೆ, ಜೀವವಿಮೆ ಪಾಲಿಸಿಯ ಹಣ, ಸರ್ಕಾರಿ ಪಿಂಚಣಿ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು. ಆದರೂ ಇವನ್ನೆಲ್ಲ ಪಟ್ಟಿಗೆ ಸೇರಿಸಿ, ಎದುರಿಗೆ ‘ಜಪ್ತಿಗೆ ಒಳಪಡದು’ ಎಂದು ಗುರುತು ಹಾಕುತ್ತೇನೆ. ತೋಟಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಅದನ್ನು ನುಂಗಿಕೊಳ್ಳಲು ಕಕ್ಷಿದಾರರಿಗೆ ಸಮಯ ಬೇಕಾಗುತ್ತದೆ, ಕೊಡುತ್ತೇನೆ.

ಅರ್ಜಿ ಕೆಡುವುದು ಹೆಚ್ಚಾಗಿ ಬರವಣಿಗೆಯಲ್ಲಲ್ಲ, ವಕೀಲರ ಹತ್ತಿರ ಬರುವ ಮೊದಲು ಮಾಡಿಕೊಂಡ ಕೆಲಸಗಳಲ್ಲಿ. ಸಾಲ ಬೆನ್ನಟ್ಟುತ್ತಿದೆ ಎಂದಾಕ್ಷಣ ಹೆಂಡತಿಗೆ ದಾನಪತ್ರ, ಮಗನಿಗೆ ಪಾಲುಪಟ್ಟಿ. ಆ ಪಾಲುಪಟ್ಟಿಯಲ್ಲಿ ಅಪ್ಪನಿಗೆ ಬ್ಯಾಣ (ಹುಲ್ಲುಗಾವಲು) ಮತ್ತು ಖರಾಬು (ಸಾಗುವಳಿಗೆ ಬಾರದ ಜಾಗ), ಮಗನಿಗೆ ಫಸಲಿಗೆ ಬಂದ ತೋಟ! ವರ್ಗಾವಣೆಯಾಗಿ ಎರಡು ವರ್ಷದೊಳಗೆ ಅರ್ಜಿ ದಾಖಲಾಗಿ ದಿವಾಳಿ ಎಂದು ತೀರ್ಮಾನವಾದರೆ ಅಂಥ ಬಿಟ್ಟಿ ವರ್ಗಾವಣೆಯನ್ನು ರಿಸೀವರ್ 53ನೇ ಕಲಮಿನಡಿ ರದ್ದು ಮಾಡಿಸಬಹುದು. ಒಳ್ಳೆಯ ನಂಬಿಕೆಯಿಂದ, ಸರಿಯಾದ ಬೆಲೆಗೆ ಮಾರಿದ್ದಕ್ಕೆ ಭಯವಿಲ್ಲ, ಹಣ ಬ್ಯಾಂಕಿನ ಮೂಲಕ ಬಂದಿದ್ದರೆ ಇನ್ನೂ ನಿರಾಳ. ಎರಡನೆಯದು, ಹತ್ತಿರದವರ ಸಾಲವನ್ನಷ್ಟೇ ಮೊದಲು ತೀರಿಸುವುದು. ಬೇರೆಯವರಿಗಿಂತ ಒಬ್ಬರಿಗೆ ಅನುಕೂಲ ಮಾಡಿಕೊಡಲೆಂದೇ ಕೊಟ್ಟು, ಮೂರು ತಿಂಗಳೊಳಗೆ ಅರ್ಜಿ ಬಿದ್ದರೆ 54ನೇ ಕಲಮಿನಂತೆ ಅದು ಅನೂರ್ಜಿತ. ಆದ್ದರಿಂದ ಹಿಂದಿನ ಎರಡು ವರ್ಷದ ನೋಂದಣಿಗಳನ್ನು ಋಣಭಾರ ಪತ್ರದಲ್ಲಿ ನಾನೇ ನೋಡಿ, ಆದದ್ದನ್ನೆಲ್ಲ ಅರ್ಜಿಯಲ್ಲೇ ಹೇಳಿಬಿಡುತ್ತೇನೆ. ‘ಎರಡು ವರ್ಷ ಕಳೀಲಿ ಬಿಡಿ ಸಾರ್, ಆಮೇಲೆ ಹಾಕೋಣ’ ಎನ್ನುವ ಜಾಣರಿಗೆ ನನ್ನ ಆಫೀಸಿನಲ್ಲಿ ಕೆಲಸವಿಲ್ಲ. ಆಸ್ತಿ ಮರೆಮಾಚಿದ್ದು ಸಾಬೀತಾದರೆ 69ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲಿದೆ.

ಅರ್ಜಿ ದಾಖಲಾದ ಮೇಲೆ ಕೋರ್ಟಿನ ಅನುಮತಿಯಿಲ್ಲದೆ ವಾಪಸು ಪಡೆಯುವಂತಿಲ್ಲ. ಕೋರ್ಟು ದಿನ ಗೊತ್ತುಮಾಡಿ ಎಲ್ಲ ಸಾಲಿಗರಿಗೆ, ಅಂದರೆ ಸಾಲ ಕೊಟ್ಟವರಿಗೆ, ನೋಟಿಸು ಕಳಿಸುತ್ತದೆ. ವಿಳಾಸ ತಪ್ಪಿದ್ದರೆ ಕೇಸು ಇಲ್ಲೇ ತಿಂಗಳುಗಟ್ಟಲೆ ನಿಲ್ಲುವುದರಿಂದ ಬ್ಯಾಂಕಿಗೆ ಶಾಖೆಯ ವಿಳಾಸ, ಫೈನಾನ್ಸಿಗೆ ಸಾಲಪತ್ರದಲ್ಲಿರುವ ನೋಂದಾಯಿತ ಕಚೇರಿಯ ವಿಳಾಸ ಕೊಡುತ್ತೇನೆ. ಸಾಲಗಾರನೇ ಅರ್ಜಿದಾರನಾದಾಗ ಸಾಮಾನ್ಯವಾಗಿ ಮಧ್ಯಂತರ ರಿಸೀವರ್ ನೇಮಕವಾಗುತ್ತದೆ. ಅರ್ಜಿ ಅಂಗೀಕಾರವಾದ ಆದೇಶದ ದೃಢೀಕೃತ ಪ್ರತಿಯನ್ನು ಆಸ್ತಿ ಹರಾಜಿಗಿರುವ ಅಮಲ್ಜಾರಿ ಕೋರ್ಟಿಗೆ ಅದೇ ವಾರ ಹಾಕಬೇಕು. ಹರಾಜಿಗೆ ಮೊದಲು ತಿಳಿಸಿದರೆ, ಕೋರ್ಟಿನ ವಶದಲ್ಲಿರುವ ಆ ಆಸ್ತಿಯನ್ನು ರಿಸೀವರ್‌ಗೆ ಒಪ್ಪಿಸಲು 52ನೇ ಕಲಮಿನಲ್ಲಿ ಕೇಳಬಹುದು. ಹರಾಜು ಮುಗಿದ ಮೇಲೆ ಹೋದರೆ ಕೈಗೇನೂ ಹತ್ತುವುದಿಲ್ಲ.

ಬಂಧನದ ಭಯ ಬೇರೆ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರಿಗೂ ಡಿಕ್ರಿ ಮೊತ್ತ 5,000 ರೂಪಾಯಿ ಮೀರಿದ್ದರೆ ಹೆಚ್ಚೆಂದರೆ ಮೂರು ತಿಂಗಳ ಸಿವಿಲ್ ಜೈಲು, ಅದೂ ಕೊಡಲು ಶಕ್ತಿಯಿದ್ದು ಕೊಡದವರಿಗೆ. ಬರೀ ಬಡತನಕ್ಕೆ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ವಾರಂಟಿನಲ್ಲಿ ಹಿಡಿದು ತಂದಾಗ, ಒಂದು ತಿಂಗಳೊಳಗೆ ದಿವಾಳಿ ಅರ್ಜಿ ಹಾಕುತ್ತೇನೆ ಎಂದು ಭದ್ರತೆ ಕೊಟ್ಟರೆ ಬಿಡುಗಡೆ ಕೇಳಬಹುದು. ದಿವಾಳಿ ತೀರ್ಮಾನವಾದ ಮೇಲೂ ಬಂಧನದಿಂದ ರಕ್ಷಣೆ ತಾನಾಗಿ ಬರುವುದಿಲ್ಲ, 31ನೇ ಕಲಮಿನಲ್ಲಿ ಬೇರೆ ಅರ್ಜಿ ಹಾಕಬೇಕು. ಇದನ್ನು ಬಿಟ್ಟು ಆಮೇಲೆ ಓಡಾಡುವವರು ಇದ್ದಾರೆ.

ವಿಚಾರಣೆಯಲ್ಲಿ ಸಾಲಗಾರ ತನಗೆ ತೀರಿಸಲಾಗದು ಎಂಬುದನ್ನು ಮೇಲ್ನೋಟಕ್ಕೆ ತೋರಿಸಿದರೆ ಸಾಕು. ದಿವಾಳಿ ಆದೇಶವಾದಾಗ ಅರ್ಜಿ ಹಾಕಿದ ದಿನದಿಂದಲೇ ಆಸ್ತಿ ಕೋರ್ಟು ಅಥವಾ ರಿಸೀವರ್‌ಗೆ ಸೇರಿದಂತೆ. ಆ ಆದೇಶದಲ್ಲೇ ಇನ್ನೊಂದು ದಿನಾಂಕ ಇರುತ್ತದೆ: ಸಾಲದಿಂದ ಬಿಡುಗಡೆಗೆ ಅರ್ಜಿ ಹಾಕಬೇಕಾದ ಗಡುವು. ಜನ ದಿವಾಳಿ ಆದೇಶವನ್ನೇ ಕೊನೆ ಎಂದುಕೊಂಡು ನೆಮ್ಮದಿಯಾಗುತ್ತಾರೆ. ಗಡುವಿನೊಳಗೆ ಅರ್ಜಿ ಹಾಕದಿದ್ದರೆ 43ನೇ ಕಲಮಿನಂತೆ ದಿವಾಳಿ ಆದೇಶವೇ ರದ್ದು, ಸಾಲಗಳೆಲ್ಲ ಮೊದಲಿನಂತೆ ಎದ್ದು ನಿಲ್ಲುತ್ತವೆ, ಮತ್ತೆ ಅರ್ಜಿ ಹಾಕಲೂ ಕೋರ್ಟಿನ ಅನುಮತಿ ಬೇಕು. ಈ ದಿನಾಂಕವನ್ನು ಕಕ್ಷಿದಾರರ ಮನೆಯ ಕ್ಯಾಲೆಂಡರಿನಲ್ಲೂ ಬರೆಸುತ್ತೇನೆ. ಗಡುವು ಮುಗಿಯುವುದರೊಳಗೆ ಆಗದಿದ್ದರೆ ವಿಸ್ತರಣೆ ಕೇಳಬಹುದು.

ಬಿಡುಗಡೆಯ ಹಂತದಲ್ಲಿ 42ನೇ ಕಲಮು ದೊಡ್ಡ ಅಡ್ಡಿ. ಆಸ್ತಿಯ ಬೆಲೆ ಭದ್ರತೆಯಿಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ ಪೂರ್ಣ ಬಿಡುಗಡೆ ಸಿಗದು, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸದ ಹೊರತು. ಇಲ್ಲಿ ಬರೀ ಮಾತು ನಡೆಯದು. ಕೊಳೆರೋಗ, ಎಲೆಚುಕ್ಕಿಯಿಂದ ಫಸಲು ಹೋದದ್ದಕ್ಕೆ ತೋಟಗಾರಿಕೆ ಇಲಾಖೆಯಿಂದ ಪಡೆದ ದಾಖಲೆ, ಬೆಳೆ ವಿಮೆಯ ಕಾಗದ, ಹಿಂದಿನ ಮತ್ತು ಈಗಿನ ವರ್ಷಗಳ ಮಂಡಿ ಬಿಲ್ಲು ಪಕ್ಕಪಕ್ಕ ಇಡುತ್ತೇನೆ. ಆಸ್ಪತ್ರೆ ಖರ್ಚಾದರೆ ಡಿಸ್ಚಾರ್ಜ್ ಸಮರಿ ಮತ್ತು ಬಿಲ್ಲು. ಇಸ್ಪೀಟು, ಆನ್‌ಲೈನ್ ಜೂಜು, ಮಿತಿಮೀರಿದ ಮದುವೆ ಖರ್ಚು ಪಾಸ್‌ಬುಕ್ಕಿನಲ್ಲಿ ಕಂಡರೆ ಸಾಲಿಗರ ವಕೀಲರು ಅಲ್ಲಿಗೇ ಕೈ ಹಾಕುತ್ತಾರೆ. ವ್ಯಾಪಾರಸ್ಥರು ಲೆಕ್ಕದ ಪುಸ್ತಕ ಇಡದಿದ್ದರೆ ಅದೂ ಒಂದು ಕಾರಣ. ಪೂರ್ಣ ಬಿಡುಗಡೆ ಕಷ್ಟವೆನಿಸಿದಲ್ಲಿ ಮುಂದಿನ ಆದಾಯದಲ್ಲಿ ಇಂತಿಷ್ಟು ಕೊಡುವ ಷರತ್ತಿನ ಬಿಡುಗಡೆಯನ್ನು ನಾವೇ ಮುಂದಿಡುವುದು ವಾಸಿ. ಸರ್ಕಾರಕ್ಕೆ ಬರಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಬಿಡುಗಡೆಯ ನಂತರವೂ ಉಳಿಯುತ್ತವೆ.

ಬಿಡುಗಡೆಯಾಗುವವರೆಗೆ ತಾನು ದಿವಾಳಿ ಎಂದು ಹೇಳದೆ ಯಾರಲ್ಲಾದರೂ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಮಾಡಿದರೆ ಆರು ತಿಂಗಳವರೆಗೆ ಜೈಲಾಗಬಹುದು, ಕಿರಾಣಿ ಅಂಗಡಿಯ ಉದ್ರಿಯೂ ಇದರಲ್ಲಿ ಬರುತ್ತದೆ. ಬಿಡುಗಡೆಯ ಆದೇಶ ಸಿಕ್ಕ ಮೇಲೆ ಪಟ್ಟಿಯಲ್ಲಿರುವ ಸಾಲಿಗರ ಸಂಖ್ಯೆಗೆ ನಾಲ್ಕೈದು ಹೆಚ್ಚು ಸೇರಿಸಿ ದೃಢೀಕೃತ ಪ್ರತಿ ತೆಗೆಸಿ, ಒಂದೊಂದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಗಳನ್ನು ಕಕ್ಷಿದಾರರ ಕೈಗೇ ಕೊಡುತ್ತೇನೆ.