ಹೊರದೇಶಕ್ಕೆ ಹೋಗುವ ಸಿಗಡಿ ಹೊಂಡದಲ್ಲೇ ಪಾಸಾಗಬೇಕು

ಕುಮಟಾ ಕಡೆ, ಅಘನಾಶಿನಿ ಅಳಿವೆಯ ಉಪ್ಪುನೀರಿನಲ್ಲಿ ನಾನು ವನ್ನಾಮಿ ಎಂಬ ಜಾತಿಯ ಸಿಗಡಿ ಬೆಳೆಯುತ್ತೇನೆ. ನೇರ ರಫ್ತು ಮಾಡುವವನಲ್ಲ. ಏಜೆಂಟರ ಮೂಲಕ ನನ್ನ ಮಾಲು ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ, ಅಲ್ಲಿ ಫ್ರೀಜ್ ಆಗಿ ಕಂಟೇನರ್ ಸೇರುತ್ತದೆ. ಆದರೂ ಅದು ವಿದೇಶದ ಬಂದರಿನಲ್ಲಿ ಪಾಸಾಗುತ್ತದೋ ವಾಪಸು ಬರುತ್ತದೋ ಎನ್ನುವುದು ಬಹುಪಾಲು ತೀರ್ಮಾನವಾಗುವುದು ನಮ್ಮ ಹೊಂಡದಲ್ಲೇ. ಸಿಗಡಿಯ ಮೈಗೆ ಒಮ್ಮೆ ಸೇರಿದ ಆಂಟಿಬಯೋಟಿಕ್ಕನ್ನು ಯಾವ ಫ್ರೀಜರೂ ತೆಗೆಯುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಮರಿಯಿಂದಲೇ ಶುರು. ತೊಂಬತ್ತರ ದಶಕದಲ್ಲಿ ಬಿಳಿಚುಕ್ಕೆ ರೋಗ ಆಗ ಬೆಳೆಯುತ್ತಿದ್ದ ಟೈಗರ್ ಸಿಗಡಿಯನ್ನು ನೆಲಕಚ್ಚಿಸಿತ್ತು. 2009ರಲ್ಲಿ ವನ್ನಾಮಿಗೆ ಅನುಮತಿ ಸಿಕ್ಕಿತು. ಇದರ ತಾಯಿ ಸಿಗಡಿಗಳು ಹೊರದೇಶದಿಂದ ಬಂದು, ಚೆನ್ನೈನ ಕ್ವಾರಂಟೈನ್ ಕೇಂದ್ರ ದಾಟಿ ಹ್ಯಾಚರಿಗೆ, ಅಂದರೆ ಮರಿ ಮಾಡುವ ಕೇಂದ್ರಕ್ಕೆ, ಹೋಗುತ್ತವೆ. ನಾನು ನೋಂದಾಯಿತ ಹ್ಯಾಚರಿಯ ಮರಿಯನ್ನು, ರೋಗಾಣು ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ ಆದ ಮೇಲಷ್ಟೇ ತರುತ್ತೇನೆ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗುವುದರಿಂದ ಉಪ್ಪಿನಂಶ ಮರಳುವವರೆಗೆ ಕಾಯುತ್ತೇನೆ. ಕಾನೂನು ಪ್ರಕಾರ ಚದರ ಮೀಟರಿಗೆ 60 ಮರಿಯವರೆಗೆ ಬಿಡಬಹುದು, ನಾನು ಅದಕ್ಕಿಂತ ಬಹಳ ಕಡಿಮೆ ಬಿಡುತ್ತೇನೆ. ಒತ್ತೊತ್ತಾಗಿ ಬಿಟ್ಟರೆ ತಳ ಕೆಡುತ್ತದೆ, ತಳ ಕೆಟ್ಟರೆ ರೋಗ, ರೋಗ ಬಂತೆಂದರೆ ಬೆಳೆಗಾರ ಗಾಬರಿಯಲ್ಲಿ ಸಿಕ್ಕಿದ ಔಷಧಿ ಸುರಿಯುತ್ತಾನೆ.

ಮಾಲು ತಿರಸ್ಕೃತವಾಗುವ ದಾರಿ ಇದೇ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಎಂಬ ಆಂಟಿಬಯೋಟಿಕ್‌ಗಳು ಸಿಗಡಿ ಕೃಷಿಯಲ್ಲಿ ಪೂರ್ತಿ ನಿಷಿದ್ಧ. ಯುರೋಪಿನಲ್ಲಿ 2022ರ ನವೆಂಬರಿನಿಂದ ಕ್ಲೋರಾಂಫೆನಿಕಾಲ್ ಕಿಲೋಗೆ 0.15 ಮೈಕ್ರೋಗ್ರಾಂ ಮುಟ್ಟಿದರೂ ಮಾಲನ್ನು ತಡೆಯುತ್ತಾರೆ. ಒಂದು ಟನ್ ಸಿಗಡಿಯಲ್ಲಿ ಪುಡಿ ಉಪ್ಪಿನ ಎರಡು ಮೂರು ಕಣದಷ್ಟು! 2016ರಿಂದ ಅವರು ಭಾರತದ ಸಾಕಿದ ಸಿಗಡಿಯ ಕನ್ಸೈನ್‌ಮೆಂಟುಗಳಲ್ಲಿ ಅರ್ಧದಷ್ಟನ್ನು ಪರೀಕ್ಷಿಸುತ್ತಾರೆ, ಅಲ್ಲಿಯವರೆಗೆ ಶೇ. 10 ಇತ್ತು.

ಇಷ್ಟು ಸೂಕ್ಷ್ಮದ ಪರೀಕ್ಷೆ ಎಂದ ಮೇಲೆ ಎಚ್ಚರವೂ ಅಷ್ಟೇ ಸೂಕ್ಷ್ಮವಾಗಿರಬೇಕು. ಕಣ್ಣಿಗೆ, ಗಾಯಕ್ಕೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಕ್ಲೋರಾಂಫೆನಿಕಾಲ್ ಇರುತ್ತದೆ. ನಮ್ಮಲ್ಲಿ ಯಾರದಾದರೂ ಬೆರಳಿಗೆ ಪಟ್ಟಿ ಕಂಡರೆ ನನ್ನ ಮೊದಲ ಪ್ರಶ್ನೆ, "ಕೈಗೆ ಎಂತ ಹಚ್ಚಿದ್ದೆ ಮಾರಾಯ?" ಅವನಿಗೆ ಆ ದಿನ ದಂಡೆ ಕೆಲಸ, ಆಹಾರ ಮುಟ್ಟುವಂತಿಲ್ಲ, ಸಿಗಡಿ ಆಹಾರ ತಿಂದಿದೆಯೇ ಎಂದು ನೋಡುವ ಚೆಕ್ ಟ್ರೇ ಎತ್ತುವಂತಿಲ್ಲ. ಒಳಗೇನಿದೆ ಎಂದು ಬರೆಯದ "ಗ್ರೋತ್" ಪ್ಯಾಕೆಟ್‌ಗಳನ್ನು, ಪುಕ್ಕಟೆ ಕೊಟ್ಟರೂ, ಶೆಡ್ಡಿನೊಳಗೆ ತರಗೊಡುವುದಿಲ್ಲ. ಪ್ರೋಬಯೋಟಿಕ್, ಸುಣ್ಣ, ಆಹಾರ ಎಲ್ಲದರ ಬಿಲ್ಲು, ಬ್ಯಾಚ್ ನಂಬರು, ಹಾಕಿದ ದಿನಾಂಕ ಒಂದೇ ಫೈಲಿನಲ್ಲಿ ಇರುತ್ತವೆ.

ಹಿಡಿಯುವ ಮೊದಲು ಎಂಪಿಇಡಿಎ (ಕೇಂದ್ರ ಸರ್ಕಾರದ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ) ವ್ಯವಸ್ಥೆಯಲ್ಲಿ ಆಂಟಿಬಯೋಟಿಕ್ ಪರೀಕ್ಷೆಗೆ ಮಾದರಿ ಕೊಟ್ಟು ಪ್ರಮಾಣಪತ್ರ ಪಡೆಯುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸಿಗಡಿ ಚಿಪ್ಪು ಬಿಡುವುದು ಹೆಚ್ಚು. ಮೆತ್ತನೆಯ ಸಿಗಡಿಗೆ ದರ ಇಲ್ಲ, ಅದಕ್ಕೇ ಬಲೆ ಹಾಕಿ ನೋಡಿ ದಿನ ಗೊತ್ತುಮಾಡುತ್ತೇನೆ. ಬಲೆಯಿಂದ ಎತ್ತಿದ್ದು ನೇರ ಐಸ್ ನೀರಿಗೇ ಬೀಳಬೇಕು. ಬಿಸಿಲಿನಲ್ಲಿ ರಾಶಿ ಹಾಕಿ ತೂಗುತ್ತಾ ಕೂತರೆ ಸಿಗಡಿಯ ತಲೆ ಕಪ್ಪಾಗುತ್ತದೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಬಿಲ್ಲು, ಪರೀಕ್ಷಾ ಪತ್ರಗಳ ಈ ಫೈಲಿನ ಬೆಲೆ ಇನ್ನಷ್ಟು ಸ್ಪಷ್ಟವಾಯಿತು. ನಮ್ಮ ದೇಶದ ಸಿಗಡಿಗೆ ಅತಿದೊಡ್ಡ ಗಿರಾಕಿ ಅಮೆರಿಕವೇ ಆಗಿದ್ದರಿಂದ ಹೊಂಡದ ಬದಿಯ ದರವೂ ಕುಸಿಯಿತು. ಮರುತಿಂಗಳು ಯುರೋಪು ಭಾರತದ ಇನ್ನೂ 102 ಮೀನು-ಸಿಗಡಿ ರಫ್ತು ಘಟಕಗಳಿಗೆ ಒಪ್ಪಿಗೆ ಕೊಟ್ಟಿತು. ಆದರೆ ಆ ಬಾಗಿಲು ತೆರೆಯುವುದು ದಾಖಲೆ ಇರುವ ಹೊಂಡಕ್ಕೆ ಮಾತ್ರ. ಈಗ ಏಜೆಂಟರು ಕೌಂಟ್ (ಕಿಲೋಗೆ ಎಷ್ಟು ಸಿಗಡಿ) ನೋಡುವುದಕ್ಕೂ ಮೊದಲು ಹೊಂಡದ ನೋಂದಣಿ ಸಂಖ್ಯೆ, ಪರೀಕ್ಷಾ ಪತ್ರ ಕೇಳುತ್ತಾರೆ.

ಹೊಸದಾಗಿ ಇಳಿಯುವ ಹುಡುಗರಿಗೆ ನಾನು ಒತ್ತಿ ಹೇಳುವುದು ಆಹಾರದ ಸಾಲದ ಬಗ್ಗೆ. ಉದ್ರಿ ಕೊಟ್ಟ ಡೀಲರ್ ಔಷಧಿಯನ್ನೂ ಹೇರಬಲ್ಲ, ಬೆಳೆಯನ್ನು ತನಗೇ ಕೊಡು ಎನ್ನಬಲ್ಲ. ಒಂದು ಹೊಂಡವೇ ಸಾಕು, ಆಹಾರ ನಗದಿಗೆ ತನ್ನಿ. ಪರೀಕ್ಷಾ ಪತ್ರ ಕೈಯಲ್ಲಿಟ್ಟುಕೊಂಡು ಇಬ್ಬರು ಮೂವರು ಏಜೆಂಟರ ಹತ್ತಿರ ದರ ಕೇಳುವ ಸ್ವಾತಂತ್ರ್ಯ ಆಗ ನಿಮಗಿರುತ್ತದೆ.