ಆಟೋಮ್ಯಾಟಿಕ್ಕೋ ಮ್ಯಾನುವಲ್ಲೋ: ಬುಕ್ ಮಾಡುವ ಮುಂಚೆ ಗೇರ್‌ಬಾಕ್ಸಿನ ಹೆಸರು ಕೇಳಿ

“ಆಟೋಮ್ಯಾಟಿಕ್ ಬೇಕಾ, ಮ್ಯಾನುವಲ್ ಸಾಕಾ?” ಎಂದು ಶೋರೂಮಿನಲ್ಲಿ ಕೇಳಿದಾಗ ಉತ್ತರ ಹೇಳಲು ಅವಸರ ಬೇಡ. ಮೊದಲು ನೀವೇ ಕೇಳಿ: “ಇದರೊಳಗೆ ಇರುವುದು ಯಾವ ಆಟೋಮ್ಯಾಟಿಕ್?” ಹ್ಯುಂಡೈ ಕ್ರೆಟಾ ಒಂದನ್ನೇ ನೋಡಿ. ಸಾಮಾನ್ಯ 1.5 ಪೆಟ್ರೋಲಿಗೆ ಸಿವಿಟಿ, ಟರ್ಬೊ ಪೆಟ್ರೋಲಿಗೆ ಡಿಸಿಟಿ, ಡೀಸೆಲ್‌ಗೆ ಟಾರ್ಕ್ ಕನ್ವರ್ಟರ್. ಮಾರುತಿ ಫ್ರಾಂಕ್ಸ್‌ನ 1.2 ಎಂಜಿನ್ನಿಗೆ ಎಎಂಟಿ, 1.0 ಟರ್ಬೊಗೆ ಟಾರ್ಕ್ ಕನ್ವರ್ಟರ್. ಈ ನಾಲ್ಕು ಹೆಸರುಗಳ ಅರ್ಥ ಮುಂದೆ ಬರುತ್ತದೆ. ಯಾವುದರಲ್ಲೂ ಕ್ಲಚ್ ಪೆಡಲ್ ಇಲ್ಲ, ಎಲ್ಲವನ್ನೂ ಆಟೋಮ್ಯಾಟಿಕ್ ಎಂದೇ ಮಾರುತ್ತಾರೆ. ಆದರೆ ಏರಿನಲ್ಲಿ, ಜಾಮ್‌ನಲ್ಲಿ, ಐದು ವರ್ಷದ ನಂತರದ ರಿಪೇರಿ ಬಿಲ್ಲಿನಲ್ಲಿ ಇವು ಬೇರೆ ಬೇರೆಯೇ. ಆಟೋಮ್ಯಾಟಿಕ್ ಕೊಂಡು ಬೇಸರಪಟ್ಟವರಲ್ಲಿ ಬಹುಪಾಲು ಜನ ತಮ್ಮ ರಸ್ತೆಗೆ ಒಗ್ಗದ ಗೇರ್‌ಬಾಕ್ಸ್ ಕೊಂಡವರು.

ನಾಲ್ಕು ಬಗೆ, ನಾಲ್ಕು ಗುಣ

ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಅದೇ ಗೇರು, ಅದೇ ಕ್ಲಚ್ ಪ್ಲೇಟು. ನಿಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಎಂಬ ಸಣ್ಣ ಯಂತ್ರ ಮತ್ತು ಕಂಪ್ಯೂಟರ್ ಮಾಡುತ್ತವೆ, ಅಷ್ಟೇ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮ ಸಣ್ಣ ಕಾರುಗಳಿಗೆ ಬಂದ ಈ ವ್ಯವಸ್ಥೆ ಇಂದು ವ್ಯಾಗನ್ ಆರ್, ಸ್ವಿಫ್ಟ್, ಟಿಯಾಗೊ, ಪಂಚ್, ಎಕ್ಸ್‌ಟರ್ ಎಲ್ಲದರಲ್ಲೂ ಇದೆ. ಮ್ಯಾನುವಲ್‌ಗಿಂತ ಸುಮಾರು 45ರಿಂದ 60 ಸಾವಿರ ರೂಪಾಯಿ ಮಾತ್ರ ಹೆಚ್ಚು. ಮೈಲೇಜ್ ಇಳಿಯುವುದಿಲ್ಲ. 2024ರ ಸ್ವಿಫ್ಟ್‌ಗೆ ಕಂಪನಿ ಹೇಳುವ ಲೆಕ್ಕ ಮ್ಯಾನುವಲ್‌ನಲ್ಲಿ ಲೀಟರಿಗೆ 24.80 ಕಿ.ಮೀ., ಎಎಂಟಿಯಲ್ಲಿ 25.75. ಇದರ ದೋಷವೂ ಅದರ ರಚನೆಯಲ್ಲೇ ಇದೆ. ಗೇರ್ ಬದಲಾಗುವಾಗ ಕ್ಲಚ್ ಬಿಟ್ಟು ಮತ್ತೆ ಕೂಡಬೇಕು, ಆ ಅರೆಕ್ಷಣ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ತಲೆ ಮುಂದಕ್ಕೆ ತೂಗುವುದು ಅದಕ್ಕೇ. ಬದಲಾಗುವ ಹೊತ್ತಿಗೆ ಆಕ್ಸಿಲರೇಟರನ್ನು ಚೂರು ಸಡಿಲಿಸಿದರೆ ಈ ತೂಗಾಟ ಬಹಳಷ್ಟು ಕಡಿಮೆಯಾಗುತ್ತದೆ. ಒಂದು ವಾರದಲ್ಲಿ ಕಾಲು ಕಲಿತುಬಿಡುತ್ತದೆ.

ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯೇ ಶಕ್ತಿಯನ್ನು ದಾಟಿಸುತ್ತದೆ. ಕಾರು ನಿಂತಲ್ಲಿಂದ ಹೊರಡುವಾಗ ತೇಯಲು ಅಲ್ಲಿ ಕ್ಲಚ್ ಪ್ಲೇಟಿಲ್ಲ. ದಿನವಿಡೀ ತೆವಳಿದರೂ ಹುಟ್ಟುವ ಬಿಸಿ ಎಣ್ಣೆಗೆ, ಎಣ್ಣೆಯಿಂದ ಕೂಲರ್‌ಗೆ ಹೋಗುತ್ತದೆ. ಬ್ರೆಝಾ, ಎರ್ಟಿಗಾಗಳಲ್ಲಿ, ಕ್ರೆಟಾದ ಡೀಸೆಲ್‌ನಲ್ಲಿ ಇದೇ ಇರುವುದು. ಲಕ್ಷದ ಮೇಲೆ ಹೆಚ್ಚು ಕೊಡಬೇಕು, ಪೇಟೆಯೊಳಗೆ ಮೈಲೇಜೂ ತುಸು ಕಡಿಮೆ. ಆದರೆ ನಾಲ್ಕರಲ್ಲಿ ಹೆಚ್ಚು ಒರಟು ಬಳಕೆ ತಾಳುವುದು ಇದೇ.

ಸಿವಿಟಿಗೆ ಗೇರುಗಳೇ ಇಲ್ಲ. ಅಗಲ ಕಿರಿದಾಗುವ ಎರಡು ಪುಲ್ಲಿ, ಅವುಗಳ ನಡುವೆ ಒಂದು ಉಕ್ಕಿನ ಬೆಲ್ಟ್. ಹೋಂಡಾ ಅಮೇಜ್, ಸಿಟಿ, ಎಲಿವೇಟ್‌ಗಳಲ್ಲಿ ಇದೆ. ಊರೊಳಗೆ ಇದರಷ್ಟು ನುಣುಪು ಬೇರೊಂದಿಲ್ಲ. ಓವರ್‌ಟೇಕ್ ಮಾಡಲು ಜೋರಾಗಿ ತುಳಿದರೆ ಮಾತ್ರ ಎಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳಲ್ಲಿ ಇ-ಸಿವಿಟಿ ಎಂದು ಬರೆದಿರುವುದು ಇದಲ್ಲ. ಅದರಲ್ಲಿ ಬೆಲ್ಟೇ ಇಲ್ಲ, ಮೋಟರ್‌ಗಳ ಜೊತೆ ಕೆಲಸ ಮಾಡುವ ಗೇರ್ ಸೆಟ್ ಇದೆ.

ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು 1, 3, 5ನೇ ಗೇರುಗಳಿಗೆ, ಇನ್ನೊಂದು 2, 4, 6ಕ್ಕೆ. ಮುಂದಿನ ಗೇರು ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಗೊತ್ತೇ ಆಗುವುದಿಲ್ಲ. ಹೆದ್ದಾರಿಯಲ್ಲಿ ಓಡಿಸಲು ಬಹಳ ಖುಷಿ. ಆದರೆ ಕೇಳಬೇಕಾದ ಮಾತೊಂದಿದೆ: ಕ್ಲಚ್ ಒಣದ್ದೋ, ಎಣ್ಣೆಯಲ್ಲಿ ಮುಳುಗಿರುವುದೋ? ಕ್ರೆಟಾ ಟರ್ಬೊ, ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್‌ಗಳ 7 ಗೇರಿನ ಡಿಎಸ್‌ಜಿಯಲ್ಲಿ ಒಣ ಕ್ಲಚ್, ಟಾಟಾ ನೆಕ್ಸಾನ್‌ನ ಡಿಸಿಎಯಲ್ಲಿ ಎಣ್ಣೆಯ ಕ್ಲಚ್ (ಡಿಎಸ್‌ಜಿ, ಡಿಸಿಎ ಎರಡೂ ಡಿಸಿಟಿಗೆ ಆಯಾ ಕಂಪನಿ ಇಟ್ಟ ಹೆಸರು). ಆಮೆ ನಡಿಗೆಯ ಜಾಮ್‌ನಲ್ಲಿ ಒಣ ಕ್ಲಚ್ ಸದಾ ಅರ್ಧ ಕೂಡಿ ಅರ್ಧ ಬಿಟ್ಟು ತೇಯುತ್ತಿರುತ್ತದೆ, ಬೇಗ ಬಿಸಿಯಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಲಿವರನ್ನು ಪಿಗೆ (ಪಾರ್ಕ್) ಹಾಕಿ, ಎಂಜಿನ್ ಐಡಲ್‌ನಲ್ಲೇ ಇರಲಿ. ಎಚ್ಚರಿಕೆ ಹೋಗುವ ತನಕ ಹೊರಡಬೇಡಿ.

ನಿಮ್ಮ ರಸ್ತೆ ಯಾವುದು?

ಒಂದು ದಿನ ಈಗಿನ ಕಾರಿನಲ್ಲೋ, ಗೆಳೆಯರ ಕಾರಿನಲ್ಲೋ ನಿಮ್ಮ ದಿನದ ದಾರಿಯಲ್ಲಿ ಹೋಗಿ, ಕ್ಲಚ್ ಎಷ್ಟು ಸಲ ತುಳಿದಿರಿ ಎಂದು ಪಕ್ಕದವರಿಂದ ಎಣಿಸಿ. ಸಿಲ್ಕ್ ಬೋರ್ಡ್, ಕೆ.ಆರ್. ಪುರ, ಹೆಬ್ಬಾಳ ದಾಟಿ ಕೆಲಸಕ್ಕೆ ಹೋಗುವವರಿಗೆ ಎಣಿಕೆ ಕೆಲವು ನೂರಕ್ಕೆ ಮುಟ್ಟುವುದು ಕಷ್ಟವಲ್ಲ. ದಿನಕ್ಕೆ ಇನ್ನೂರು ದಾಟಿದರೆ ನಮ್ಮ ಅಭಿಪ್ರಾಯದಲ್ಲಿ ಯೋಚಿಸುವುದೇ ಬೇಡ, ಆಟೋಮ್ಯಾಟಿಕ್ ಕೊಳ್ಳಿ. ಮೊಣಕಾಲು, ಸೊಂಟದ ನೋವಿದ್ದರೆ ನೂರಕ್ಕೇ ಈ ಮಾತು ಅನ್ವಯಿಸಲಿ. ಬಜೆಟ್ ಬಿಗಿಯಿದ್ದರೆ ಎಎಂಟಿ. ಹಣವಿದ್ದರೆ ಸಿವಿಟಿ ಅಥವಾ ಟಾರ್ಕ್ ಕನ್ವರ್ಟರ್. ಇಂಥ ರಸ್ತೆಗೆ ಒಣ ಡಿಸಿಟಿ ನಮ್ಮ ಕೊನೆಯ ಆಯ್ಕೆ.

ಘಾಟಿಯ ಲೆಕ್ಕ ಬೇರೆ. ಆಗುಂಬೆಯ 14 ತಿರುವುಗಳನ್ನೋ, ಚಾರ್ಮಾಡಿ, ಶಿರಾಡಿಯನ್ನೋ ತಿಂಗಳಿಗೆ ಎರಡು ಸಲ ಹತ್ತಿಳಿಯುವವರು ಇಳಿಯುವುದರ ಬಗ್ಗೆ ಮೊದಲು ಯೋಚಿಸಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಎನ್ನುವುದು ಹಳೆಯ ಡ್ರೈವರ್‌ಗಳ ಮಾತು. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಆಟೋಮ್ಯಾಟಿಕ್ಕನ್ನು ಡಿಯಲ್ಲೇ (ಡ್ರೈವ್) ಬಿಟ್ಟು ಇಳಿದರೆ ಬಹಳ ಸಲ ಅದು ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ. ಅರ್ಧ ಘಾಟಿಗೇ ಸುಟ್ಟ ವಾಸನೆ ಬಂದು, ಪೆಡಲ್ ತುಳಿದರೂ ಹಿಡಿತ ಸಾಲದಂತಾಗುವುದು ಹೀಗೇ. ಆದ್ದರಿಂದ ಕೊಳ್ಳುವ ಮುಂಚೆ ಗೇರ್ ಲಿವರ್ ನೋಡಿ: ಗೇರನ್ನು ನೀವೇ ಆರಿಸಲು ಎಂ (ಮ್ಯಾನುವಲ್ ಮೋಡ್), ಪ್ಲಸ್-ಮೈನಸ್ ಅಥವಾ ಕೆಳಗಿನ ಗೇರಿಗೆ ಎಲ್ (ಲೋ) ಇದೆಯೇ? ಸ್ಟಿಯರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇದೆಯೇ? ಇವು ಯಾವುದೂ ಇಲ್ಲದ ಕಾರು ಘಾಟಿಯವರಿಗೆ ಬೇಡ.

ಹತ್ತುವಾಗ ಎಎಂಟಿಗೆ ಒಂದು ಉಪಾಯ ಬೇಕು. ಹೇರ್‌ಪಿನ್ ತಿರುವಿನ ನಡುವೆ ತುಳಿದರೆ ಅದು ಮೂರರಿಂದ ಎರಡಕ್ಕೆ ಇಳಿಯಲು ಶಕ್ತಿ ಕಡಿದುಕೊಳ್ಳುತ್ತದೆ, ಹಿಂದೆ ಬಸ್ಸಿದ್ದರೆ ಎದೆ ಝಲ್ಲೆನ್ನುತ್ತದೆ. ತಿರುವಿಗೆ ಮುಂಚೆಯೇ ಎಂ ಮೋಡಿಗೆ ತಂದು ಎರಡನೇ ಗೇರು ಹಾಕಿಕೊಳ್ಳಿ. ಕೊಡಗು, ಚಿಕ್ಕಮಗಳೂರಿನ ತೋಟದ ದಾರಿ, ಮಳೆಗಾಲದ ಕೆಸರೇರು ದಿನವೂ ಇದ್ದರೆ ಎಎಂಟಿ ಬಿಡಿ. ಮ್ಯಾನುವಲ್ ಅಥವಾ ಟಾರ್ಕ್ ಕನ್ವರ್ಟರ್ ತೆಗೆದುಕೊಳ್ಳಿ.

ಇನ್ನು ಹಾವೇರಿ, ಗದಗ, ವಿಜಯಪುರದ ಕಡೆ ತೆರೆದ ರಸ್ತೆಯಲ್ಲಿ ದಿನಕ್ಕೆ ಐವತ್ತು ಕಿಲೋಮೀಟರ್ ಓಡಿಸುವವರು ಹೆಚ್ಚಿನ ಹೊತ್ತು ಟಾಪ್ ಗೇರಿನಲ್ಲೇ ಇರುತ್ತಾರೆ. ಅವರಿಗೆ ಮ್ಯಾನುವಲ್ ಸಾಕು, ಉಳಿದ ಹಣಕ್ಕೆ ಮೇಲಿನ ವೇರಿಯಂಟ್ ಬರುತ್ತದೆ. ಕ್ಲಚ್ ಪ್ಲೇಟನ್ನು ತಾಲ್ಲೂಕಿನ ಗ್ಯಾರೇಜಿನಲ್ಲೂ ಬದಲಾಯಿಸುತ್ತಾರೆ. ಡಿಸಿಟಿಯ ಕಂಟ್ರೋಲ್ ಯೂನಿಟ್ ಕೈಕೊಟ್ಟರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೊರಬೇಕು, ಅದು ಎಷ್ಟು ದೂರ ಎಂದು ಬುಕಿಂಗ್‌ಗೆ ಮುಂಚೆ ಲೆಕ್ಕ ಹಾಕಿ. ಸಿಎನ್‌ಜಿ ಬೇಕೆನ್ನುವವರಿಗೆ ಆಯ್ಕೆ ತೀರಾ ಕಡಿಮೆ. ಹೆಚ್ಚಿನವು ಮ್ಯಾನುವಲ್ಲೇ. 2024ರಲ್ಲಿ ಟಾಟಾ ಟಿಯಾಗೊ, ಟಿಗೋರ್‌ಗಳಲ್ಲಿ ಸಿಎನ್‌ಜಿ ಜೊತೆ ಎಎಂಟಿ ಮೊದಲು ಬಂತು.

ಹತ್ತು ಲಕ್ಷದ ಗೆರೆ

ಬೆಲೆಯ ವ್ಯತ್ಯಾಸವನ್ನು ಎಕ್ಸ್‌ಶೋರೂಂ ದರದಲ್ಲಿ ನೋಡಿ ನಿರ್ಧರಿಸಬೇಡಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ 14, 10 ದಾಟಿದರೆ ಶೇ 17, 20 ದಾಟಿದರೆ ಶೇ 18. ಅದರ ಮೇಲೆ ಸೆಸ್. ಗೆರೆ ದಾಟಿದರೆ ಪೂರ್ತಿ ಬೆಲೆಗೂ ಹೊಸ ದರವೇ. ಮ್ಯಾನುವಲ್ 9.80 ಲಕ್ಷ ಎಂದಿಟ್ಟುಕೊಳ್ಳಿ, ತೆರಿಗೆ 1,37,200 ರೂಪಾಯಿ. ಅದೇ ಕಾರಿನ ಎಎಂಟಿ 10.40 ಲಕ್ಷ, ತೆರಿಗೆ 1,76,800. ಅರವತ್ತು ಸಾವಿರದ ವ್ಯತ್ಯಾಸ ಎಂದುಕೊಂಡದ್ದು ಸೆಸ್ ಸೇರಿಸದೆಯೇ 99,600 ಆಯಿತು. ಎರಡೂ ವೇರಿಯಂಟಿನ ಆನ್‌ರೋಡ್ ಕೊಟೇಶನ್ ಅಕ್ಕಪಕ್ಕ ಇಟ್ಟೇ ಹೋಲಿಸಿ. ಗೆರೆಯ ಸಮೀಪ ಇದ್ದರೆ ಒಂದು ಮೆಟ್ಟಿಲು ಕೆಳಗಿನ ವೇರಿಯಂಟಿನಲ್ಲಿ ಆಟೋಮ್ಯಾಟಿಕ್ ಸಿಗುತ್ತದೆಯೇ ಕೇಳಿ. ಸಾಲದಲ್ಲಿ ಕೊಳ್ಳುವವರಿಗೆ ಇನ್ನೊಂದು ಅಳತೆ: ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪ್ರತಿ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 2,076 ರೂಪಾಯಿ ಏರುತ್ತದೆ. ಎಡಗಾಲಿಗೆ ಸಿಗುವ ನೆಮ್ಮದಿ ಆ ಹಣಕ್ಕೆ ತಕ್ಕುದೇ ಎಂದು ಮನೆಯವರೆಲ್ಲ ಕೂತು ನೋಡಿ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು

ಶೋರೂಮಿನವರು ತೋರಿಸುವ ಖಾಲಿ ರಸ್ತೆಯ ಎರಡು ಕಿಲೋಮೀಟರಿನಿಂದ ಏನೂ ತಿಳಿಯದು. ಸಂಜೆ ಆರಕ್ಕೆ ಸಮಯ ಕೇಳಿ, ಮನೆಯ ನಾಲ್ವರನ್ನು ಕೂರಿಸಿ, ಎಸಿ ಹಾಕಿ. ಮೊದಲು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಏರಿಗೇ ಹೋಗಿ. ಏರಿನ ನಡುವೆ ನಿಲ್ಲಿಸಿ, ಬ್ರೇಕ್‌ನಿಂದ ಕಾಲು ತೆಗೆಯಿರಿ. ಹಿಲ್ ಹೋಲ್ಡ್ ಇದ್ದರೆ ಎರಡು ಸೆಕೆಂಡಿನಷ್ಟು ಹಿಡಿಯುತ್ತದೆ, ಇಲ್ಲದ ಎಎಂಟಿ ಹಿಂದಕ್ಕೆ ಜಾರುತ್ತದೆ. ಅದೇ ಏರಿನಲ್ಲಿ ರಿವರ್ಸ್‌ನಲ್ಲೂ ಹತ್ತಿಸಿ ನೋಡಿ. ಕ್ಲಚ್ ವಾಸನೆ ಬಂದರೆ ನಿಮ್ಮ ಮನೆಗೆ ಆ ಕಾರು ಒಗ್ಗುವುದಿಲ್ಲ. ಆಮೇಲೆ ಜಾಮ್‌ನಲ್ಲಿ ಆಕ್ಸಿಲರೇಟರ್ ಮುಟ್ಟದೆ, ಬ್ರೇಕ್ ಒಂದರಲ್ಲೇ ತೆವಳಿಸಿ. ಕೊನೆಗೆ ರಸ್ತೆ ಖಾಲಿಯಿರುವ ಕಡೆ 40ರಿಂದ 80ಕ್ಕೆ ಪೂರ್ತಿ ತುಳಿದು, ತುಳಿದ ಮೇಲೆ ಎಷ್ಟು ಹೊತ್ತಿಗೆ ಕಾರು ಮುನ್ನುಗ್ಗುತ್ತದೆ ಎಂದು ಗಮನಿಸಿ. ಲಾರಿ ಓವರ್‌ಟೇಕ್ ಮಾಡುವಾಗ ಬೇಕಾಗುವುದು ಆ ಅಂದಾಜೇ.

ಮ್ಯಾನುವಲ್ ನೋಡುವವರು ಕ್ಲಚ್ ಎಷ್ಟು ಗಟ್ಟಿ, ಎಷ್ಟು ಎತ್ತರದಲ್ಲಿ ಹಿಡಿಯುತ್ತದೆ, ಎಡಗಾಲು ಇಡಲು ಪೆಡಲ್ ಪಕ್ಕ ಜಾಗವಿದೆಯೇ ಎಂದು ನೋಡಿ. ಎರಡನೇ ಗೇರಿನಲ್ಲಿ 12–15 ಕಿ.ಮೀ. ವೇಗದಿಂದ ಜರ್ಕ್ ಇಲ್ಲದೆ ಎಳೆಯಬೇಕು. ಹಂಪ್ ಹಂಪಿಗೂ ಒಂದನೇ ಗೇರು ಕೇಳುವ ಸಣ್ಣ ಟರ್ಬೊ ಎಂಜಿನ್ನುಗಳು ಊರೊಳಗೆ ಸುಸ್ತು ಮಾಡುತ್ತವೆ.

ಎಲ್ಲಿ ಹಾಳಾಗುತ್ತವೆ

ಎಎಂಟಿ ಮತ್ತು ಡಿಸಿಟಿಯನ್ನು ಕೊಲ್ಲುವ ಅಭ್ಯಾಸ ಒಂದೇ: ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರನ್ನು ನಿಲ್ಲಿಸಿಕೊಳ್ಳುವುದು. ಅದು ಹಾಫ್ ಕ್ಲಚ್ಚೇ, ನಿಮ್ಮ ಕಾಲಿನ ಬದಲು ಯಂತ್ರ ಹಿಡಿದಿದೆ ಅಷ್ಟೇ. ನಿಂತಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಆಗ ಕ್ಲಚ್ ಪೂರ್ತಿ ಬಿಡುತ್ತದೆ. ಜಾಮ್‌ನಲ್ಲಿ ಅಡಿ ಅಡಿಗೆ ಸರಿಯುವ ಬದಲು ಮುಂದೆ ಒಂದು ಕಾರಿನಷ್ಟು ಜಾಗವಾಗಲು ಬಿಟ್ಟು ಒಮ್ಮೆಲೇ ಹೋಗಿ. ಎಎಂಟಿಯ ಕ್ಲಚ್ ಬದಲಾಯಿಸಿದ ಮೇಲೆ ಕಂಪ್ಯೂಟರಿಗೆ ಹೊಸ ಕ್ಲಚ್ಚನ್ನು ಸ್ಕ್ಯಾನರ್ ಹಾಕಿ ಪರಿಚಯಿಸಬೇಕು. ಅದನ್ನು ಮಾಡದ ಗ್ಯಾರೇಜಿನಿಂದ ಬಂದ ಕಾರು ಮೊದಲಿಗಿಂತ ಹೆಚ್ಚು ತೂಗುತ್ತದೆ. ಸಿವಿಟಿಯ ಆಯುಷ್ಯ ಅದರ ಎಣ್ಣೆಯಲ್ಲಿದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ, ಬರೆದ ಎಣ್ಣೆಯನ್ನೇ ಹಾಕಿಸಿ. ಬೇರೆ ಆಟೋಮ್ಯಾಟಿಕ್ ಎಣ್ಣೆ ಹಾಕಿದರೆ ಬೆಲ್ಟ್ ಜಾರಲು ಶುರುವಾಗುತ್ತದೆ.

ಮ್ಯಾನುವಲ್ ಕ್ಲಚ್ ಮುಗಿಯಿತೇ ಎಂದು ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಪೂರ್ತಿ ತುಳಿಯಿರಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟು ತೇದಿದೆ.

ಬ್ಯಾಟರಿ ಸತ್ತರೆ ಮ್ಯಾನುವಲ್ಲನ್ನು ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ನಲ್ಲಿ ಅದಾಗದು, ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇರಲಿ. ಕೆಟ್ಟು ನಿಂತ ಆಟೋಮ್ಯಾಟಿಕ್ಕನ್ನು ಹಗ್ಗ ಕಟ್ಟಿ ಎಳೆಸಬೇಡಿ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಎಂಜಿನ್ ಓಡದಿದ್ದರೆ ಒಳಗಿನ ಪಂಪ್ ಓಡುವುದಿಲ್ಲ, ಎಣ್ಣೆಯಿಲ್ಲದೆ ಭಾಗಗಳು ಒಣಗಿ ತಿರುಗುತ್ತವೆ. ಕಾರನ್ನು ಮೇಲೇರಿಸಿ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಬೇಕೆಂದೇ ಫೋನಿನಲ್ಲಿ ಹೇಳಿ.

ಆಟೋಮ್ಯಾಟಿಕ್‌ನ ಮೊದಲ ವಾರ ಎಡಗಾಲನ್ನು ಹಿಂದಕ್ಕೆ ಮಡಿಸಿ ಕೂರಿ. ಹಳೆಯ ಅಭ್ಯಾಸಕ್ಕೆ ಅದು ಕ್ಲಚ್ ಹುಡುಕಿ ಬ್ರೇಕನ್ನು ತುಳಿಯುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಒತ್ತಿ, ಎನ್‌ಗೆ (ನ್ಯೂಟ್ರಲ್) ತಂದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಮೆಲ್ಲಗೆ ಬಿಟ್ಟು ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ. ನೇರವಾಗಿ ಪಿಗೆ ಹಾಕಿದರೆ ಇಡೀ ಕಾರು ಬೆರಳುದ್ದದ ಒಂದು ಕೊಂಡಿಯ ಮೇಲೆ ನೇತಾಡುತ್ತದೆ, ಮರುದಿನ ಲಿವರ್ ಎಳೆಯುವಾಗ ಟಕ್ಕೆಂದು ಸದ್ದು ಬರುತ್ತದೆ. ಎಎಂಟಿಗಳಲ್ಲಿ ಹೆಚ್ಚಿನವಕ್ಕೆ ಪಿ ಎಂಬುದೇ ಇಲ್ಲ. ಅಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರು ಬಿದ್ದಿರುವಾಗಲೇ ಎಂಜಿನ್ ಆರಿಸಿ, ಏರಿನಲ್ಲಿ ಚಕ್ರದ ಹಿಂದೆ ಒಂದು ಕಲ್ಲನ್ನೂ ಇಡಿ.