ಆರಡಿ ಟ್ಯಾಂಕ್, ಮೂರೇ ಜಾತಿ ಮೀನು: ನನ್ನ ಅನುಭವ

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಲೆಕ್ಕಕ್ಕೆ 680 ಲೀಟರ್. ಮರಳು, ಕಲ್ಲು, ಮರದ ಬೇರು ಎಲ್ಲ ಹಾಕಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟ ಮೇಲೆ ನಿಜವಾದ ನೀರು 580ರ ಹತ್ತಿರ. ಇದರಲ್ಲಿ ಇರೋದು ಮೂರೇ ಜಾತಿ. ಬೋಸೆಮನಿ ರೇನ್‌ಬೋ ಇಪ್ಪತ್ತರ ಆಸುಪಾಸು. ಯೋಯೋ ಲೋಚ್ ಎಂಟೋ ಒಂಬತ್ತೋ, ಎಣಿಸೋಕೆ ನಿಂತಾಗಲೆಲ್ಲ ಒಂದಾದರೂ ಬೇರಿನ ಕೆಳಗೆ ಸೇರಿಕೊಂಡಿರುತ್ತದೆ. ಬ್ರಿಸಲ್‌ನೋಸ್ ಪ್ಲೆಕೋ ಒಂದು ಗಂಡು, ಎರಡು ಹೆಣ್ಣು. ಅಷ್ಟೇ.

ಶುರುವಿನಲ್ಲಿ ನೋಡಿದವರೆಲ್ಲ ನಕ್ಕರು. "ಇಷ್ಟು ದೊಡ್ಡ ಟ್ಯಾಂಕ್ ಇಟ್ಕೊಂಡು ಈ ಬೂದು ಮೀನಾ ಮಾರಾಯ?" ಅಂದರು. ಈಗ ಅವರೇ ಎಲ್ಲಿ ತಂದೆ, ಎಷ್ಟು ತಂದೆ, ಹೇಗೆ ಹಾಕಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಸೈಕ್ಲಿಂಗ್ (ಫಿಲ್ಟರ್ ಒಳಗೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸೋದು) ಅಂದ್ರೆ ಏನು, ಕ್ಯಾನಿಸ್ಟರ್ (ಟ್ಯಾಂಕ್ ಹೊರಗಿಡುವ ಡಬ್ಬಿ ಫಿಲ್ಟರ್) ಹೇಗೆ ಜೋಡಿಸಬೇಕು ಅನ್ನೋದೆಲ್ಲ ಇದನ್ನು ಓದುವವರಿಗೆ ಗೊತ್ತಿರುತ್ತದೆ, ಅದಕ್ಕೆ ಕೈ ಹಾಕಲ್ಲ.

ಮೊದಲು ಬೇಡ ಅಂದ ಮೀನುಗಳ ವಿಷಯ. ದೊಡ್ಡ ಟ್ಯಾಂಕ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಅದೇ ಹೆಸರು: ಆಸ್ಕರ್, ಸಿಲ್ವರ್ ಶಾರ್ಕ್, ಟಿನ್‌ಫಾಯಿಲ್ ಬಾರ್ಬ್, ಕ್ಲೌನ್ ಲೋಚ್, ಕಾಮನ್ ಪ್ಲೆಕೋ. ಅಂಗಡಿಯಲ್ಲಿ ಇವೆಲ್ಲ ಎರಡು ಇಂಚು. ಬೆಳೆದರೆ ಒಂದಡಿ, ಕಾಮನ್ ಪ್ಲೆಕೋ ಅದನ್ನೂ ದಾಟುತ್ತದೆ. ಸಾಲದ್ದಕ್ಕೆ ಸಿಲ್ವರ್ ಶಾರ್ಕ್ ಗುಂಪಿನಲ್ಲೇ ಇರಬೇಕಾದ ಮೀನು. ಒಂದಡಿಯ ಐದಾರು ಮೀನು ಎರಡಡಿ ಅಗಲದ ಟ್ಯಾಂಕ್‌ನಲ್ಲಿ ತಿರುಗಿಕೊಳ್ಳೋದು ಹೇಗೆ? ದೊಡ್ಡ ಟ್ಯಾಂಕ್ ಇದೆ ಅಂತ ದೊಡ್ಡ ಮೀನು ಹಾಕಿದರೆ ಅದು ಮತ್ತೆ ಚಿಕ್ಕ ಟ್ಯಾಂಕೇ ಆಯಿತು. ನನಗೆ ಬೇಕಿದ್ದದ್ದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಗುಂಪಾಗಿ ಓಡುವ ಮೀನು. ಬೆಳೆದಾಗ ನಾಲ್ಕು ಇಂಚು ದಾಟಬಾರದು. ಆರಡಿ ಉದ್ದಕ್ಕೆ ಅರ್ಥ ಬರೋದೇ ಹಾಗೆ.

ಡಿಸ್ಕಸ್ ಮೀನಿನ ಆಸೆ ನನಗೂ ಇತ್ತು. ಆದರೆ ನನ್ನ ನೀರಿನ ಪಿಎಚ್ 7.8, ಗಡಸುತನ ಜಿಎಚ್ ಲೆಕ್ಕದಲ್ಲಿ 14ರ ಹತ್ತಿರ, ಅಂದ್ರೆ ಕ್ಷಾರದ ಗಡಸು ನೀರು. ಡಿಸ್ಕಸ್‌ಗೆ ಒಗ್ಗುವ ಹಾಗೆ ಮೆದು ಮಾಡಲು ಆರ್‌ಒ ಬೇಕು, ವಾರಕ್ಕೆ 200 ಲೀಟರ್ ಆರ್‌ಒ ನೀರು ಅಂದ್ರೆ ಅದರ ಎರಡು ಮೂರು ಪಟ್ಟು ಚರಂಡಿಗೆ, ಮೇಲೆ ಮೆಂಬ್ರೇನ್ ಖರ್ಚು, 29 ಡಿಗ್ರಿ ಹಿಡಿದಿಡಲು ಕರೆಂಟ್ ಖರ್ಚು. ಪೆನ್ನು ಕಾಗದ ಹಿಡಿದು ಕೂತೆ. ಮೊದಲ ವರ್ಷದ ನೀರಿನ ಖರ್ಚೇ ಮೀನಿನ ಖರ್ಚನ್ನು ದಾಟುತ್ತಿತ್ತು. ನಲ್ಲಿಯಲ್ಲಿ ಬರುವ ನೀರಿಗೆ ಹೊಂದುವ ಮೀನು ಹುಡುಕಿದರೆ ಆ ತಲೆನೋವೇ ಇಲ್ಲ. ಈ ರೇನ್‌ಬೋಗಳಿಗೆ ಗಡಸು ನೀರು ಅಂದ್ರೆ ಹಬ್ಬ. ಬೋಸೆಮನಿ ಮೂಲತಃ ಇಂಡೋನೇಷ್ಯಾದ ಪಪುವಾ ಪ್ರದೇಶದ ಅಯಮಾರು ಸರೋವರದ ಕಡೆಯದು, ಅಲ್ಲಿಯ ನೀರೂ ಕ್ಷಾರವೇ. ಪಿಎಚ್ ಇಳಿಸುವ ಬಾಟಲಿ ನಾನು ಕೊಂಡೇ ಇಲ್ಲ.

ಇನ್ನು ದುಡ್ಡು. ಒಟ್ಟು ಖರ್ಚಿನಲ್ಲಿ ಮೀನಿನದ್ದು ಐದರಲ್ಲಿ ಒಂದು ಭಾಗವೂ ಅಲ್ಲ. ಗಾಜು ಮತ್ತು ಸ್ಟ್ಯಾಂಡ್ ಅರ್ಧದಷ್ಟು ನುಂಗಿತು, ಎರಡು ಕ್ಯಾನಿಸ್ಟರ್ ಉಳಿದದ್ದರಲ್ಲಿ ದೊಡ್ಡ ಪಾಲು. ಒಂದೇ ದೊಡ್ಡ ಫಿಲ್ಟರ್ ಬದಲು ಎರಡು ಮಧ್ಯಮ ಸೈಜಿನವು. ಒಂದು ಕೆಟ್ಟರೆ ಇನ್ನೊಂದು ಓಡುತ್ತಿರುತ್ತದೆ, ತೊಳೆಯುವಾಗಲೂ ಒಂದಾದ ಮೇಲೆ ಒಂದು. ಮೀನಿಗೆ ಇಷ್ಟು ಕಡಿಮೆ ಆಗಿದ್ದಕ್ಕೆ ಕಾರಣ, ನಾನು ತಂದದ್ದು ಒಂದೂವರೆ ಇಂಚಿನ ಮರಿಗಳನ್ನು. ಬಣ್ಣ ಬಂದ ಗಂಡು ಬೋಸೆಮನಿಗೆ ಕೇಳುವ ದುಡ್ಡಿನಲ್ಲಿ ನಾಲ್ಕೈದು ಮರಿ ಬರುತ್ತವೆ.

ಮರಿಗಳು ನೋಡೋಕೆ ಏನೂ ಅಲ್ಲ. ಬೂದು, ಬೆಳ್ಳಿ, ಬಾಲದ ಕಡೆ ಹಳದಿ ಇದೆಯೋ ಇಲ್ಲವೋ ಅನ್ನುವಷ್ಟು. ಅದಕ್ಕೇ ಅಂಗಡಿಯಲ್ಲಿ ಯಾರೂ ಕೈ ಹಾಕಲ್ಲ. ಬೋಸೆಮನಿಗೆ ಬಣ್ಣ ಶುರುವಾಗೋದೇ ಎರಡೂವರೆ ಮೂರು ಇಂಚು ಆದ ಮೇಲೆ, ಪೂರ್ತಿ ಬರಲು ವರ್ಷ ದಾಟಬೇಕು. ಈ ತಾಳ್ಮೆ ಇಲ್ಲದವರು ಬೇರೆ ಮೀನು ನೋಡೋದು ಒಳ್ಳೇದು.

ಮರಿ ಆರಿಸುವಾಗ ನಾನು ಬಣ್ಣ ನೋಡಲ್ಲ, ಬೆನ್ನು ನೋಡುತ್ತೇನೆ. ಬೆನ್ನು ನೇರ ಇರಬೇಕು, ಬಾಯಿ ಸೊಟ್ಟ ಇರಬಾರದು, ಹೊಟ್ಟೆ ಒಳಗೆ ಹೋಗಿರಬಾರದು. ಒಂದೇ ಟ್ಯಾಂಕ್‌ನಲ್ಲಿ ಬೇರೆ ರೇನ್‌ಬೋ ಜೊತೆ ಬೆರೆಸಿಟ್ಟಿದ್ದರೆ ಅಲ್ಲಿಂದ ತರಲ್ಲ, ಇವು ಒಂದಕ್ಕೊಂದು ಸುಲಭವಾಗಿ ಬೆರೆತು ಮರಿ ಹಾಕುತ್ತವೆ, ಆಮೇಲೆ ಬರುವ ಬಣ್ಣ ಯಾವುದಕ್ಕೂ ಸೇರಿದ್ದಲ್ಲ. ಗಂಡು ಹೆಣ್ಣು ಆರಿಸಿಕೊಳ್ಳೋಕೆ ಇನ್ನೊಂದು ಗುರುತಿದೆ, ಅದೊಂದು ನನ್ನ ಹತ್ತಿರವೇ ಇರಲಿ.

ಈಗ ಎಲ್ಲರೂ ತಕರಾರು ತೆಗೆದ ಭಾಗ. ರೇನ್‌ಬೋ ಪೂರ್ತಿ ಗುಂಪನ್ನು ಒಂದೇ ದಿನ ತಂದು ಹಾಕಿದೆ. ಮೂರು ಮೂರರಂತೆ ವಾರಕ್ಕೊಮ್ಮೆ ಹಾಕು ಅನ್ನೋದು ರೂಢಿ. ಆದರೆ ಪ್ರತಿ ಬಾರಿ ಹೊಸ ಮೀನು ಬಂದಾಗ ಅದರ ಜೊತೆ ಹೊಸ ಕಾಯಿಲೆಯೂ ಬರಬಹುದು, ಹಳೆಯವು ಬಲಿತಿರುತ್ತವೆ, ಹೊಸಬರನ್ನು ಅಟ್ಟಿಸಿಕೊಂಡು ಹೋಗುತ್ತವೆ. ಒಂದೇ ಸೈಜು, ಒಂದೇ ಕಡೆಯ ಮರಿಗಳು ಒಟ್ಟಿಗೆ ಬಂದರೆ ಆ ಜಗಳ ಇಲ್ಲ. ಇದಕ್ಕೆ ಫಿಲ್ಟರ್ ಮೊದಲೇ ತಯಾರಿರಬೇಕು. ಖಾಲಿ ಟ್ಯಾಂಕ್‌ಗೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುವ ಹಾಗೆ ಹಾಕುತ್ತಾ ಬಂದೆ. ಹಾಕಿದ್ದು 24 ಗಂಟೆಯಲ್ಲಿ ಸೊನ್ನೆ, ಅದರಿಂದ ಹುಟ್ಟುವ ವಿಷ ನೈಟ್ರೈಟ್ ಕೂಡ ಸೊನ್ನೆ ಆಗುವವರೆಗೆ ಮೀನಿನ ಮಾತೇ ಇಲ್ಲ. ಐದಾರು ವಾರ ಹಿಡಿಯಿತು. ಅಷ್ಟು ದಿನ ಬರೀ ನೀರು ನೋಡ್ತಾ ಕೂರೋದು ಕಷ್ಟ, ಮನೆಯವರು "ಮೀನು ಯಾವಾಗ?" ಅಂತ ದಿನಾ ಕೇಳುತ್ತಿದ್ದರು. ಮೀನು ತರುವ ಹಿಂದಿನ ದಿನ ಮುಕ್ಕಾಲು ಪಾಲು ನೀರು ಬದಲಿಸಿ ಕೊನೆಗೆ ನೀರಿನಲ್ಲಿ ಕೂಡಿಕೊಳ್ಳುವ ನೈಟ್ರೇಟ್ ತೆಗೆದೆ.

ಕ್ವಾರಂಟೈನ್ ಟ್ಯಾಂಕ್ ಬೇರೆ ಇಡಲಿಲ್ಲ. ಮೊದಲ ಗುಂಪು ತಾನೇ, ದೊಡ್ಡ ಟ್ಯಾಂಕೇ ಕ್ವಾರಂಟೈನ್. ಆದರೆ ಮರಳು ಹಾಕಿರಲಿಲ್ಲ, ನೀರು ಅರ್ಧದವರೆಗೆ ಮಾತ್ರ, ಸುಮಾರು 300 ಲೀಟರ್. ಔಷಧ ಹಾಕಬೇಕಾಗಿ ಬಂದರೆ ಅರ್ಧ ದುಡ್ಡು ಉಳಿಯುತ್ತದೆ, ಮೀನು ಕಣ್ಣಿಗೂ ಬೀಳುತ್ತದೆ. ಕ್ಯಾನಿಸ್ಟರ್ ಪೈಪ್ ಉದ್ದ ಇದ್ದರೆ ಸಾಕು. ಸಂಪ್ (ಟ್ಯಾಂಕ್ ಕೆಳಗಿಡುವ ಫಿಲ್ಟರ್ ತೊಟ್ಟಿ) ಇಟ್ಟವರಿಗೆ ಇದು ನಡೆಯಲ್ಲ, ನೀರು ಓವರ್‌ಫ್ಲೋ ಮಟ್ಟ ಮುಟ್ಟಬೇಕಲ್ವಾ.

ಆ ಉಪಾಯ ಕೆಲಸಕ್ಕೆ ಬಂತು. ಎರಡನೇ ವಾರದಲ್ಲಿ ಬಿಳಿ ಚುಕ್ಕೆ ರೋಗ, ಒಂದು ಪರಾವಲಂಬಿ ಜೀವಿಯದ್ದು, ಕಾಣಿಸಿಕೊಂಡಿತು. ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ. ನಿಧಾನಕ್ಕೆ 30 ಡಿಗ್ರಿಗೆ ಏರಿಸಿ, ಲೀಟರಿಗೆ 2 ಗ್ರಾಂನಂತೆ ಉಪ್ಪು, ಏರ್ ಪಂಪ್ ಜೋರಾಗಿ. ಮೀನಿನ ಮೈಮೇಲೆ ಇರುವ ಚುಕ್ಕೆಗೆ ಏನೂ ತಾಗಲ್ಲ, ಅದು ಕಳಚಿ ಬಿದ್ದು ಒಡೆದು ನೀರಿನಲ್ಲಿ ಈಜುವ ಹಂತದಲ್ಲೇ ಸಾಯಬೇಕು. ಹಾಗಾಗಿ ಚುಕ್ಕೆ ಹೋಯಿತು ಅಂತ ನಿಲ್ಲಿಸದೆ ಎರಡು ವಾರ ಎಳೆದೆ. ಎರಡೋ ಮೂರೋ ಮರಿ ಹೋದವು. 600 ಲೀಟರ್ ತುಂಬಿಸಿ ಗಿಡ ಮರಳು ಎಲ್ಲ ಹಾಕಿದ್ದರೆ ಖರ್ಚೂ ಗೋಳೂ ಎರಡೂ ಡಬಲ್. ಲೋಚ್ ಆಗ ಇಲ್ಲದ್ದೂ ಒಳ್ಳೆಯದೇ ಆಯಿತು, ಅವು ಉಪ್ಪು, ಔಷಧ ಎರಡನ್ನೂ ಅಷ್ಟಾಗಿ ತಡೆಯಲ್ಲ.

ಮರಳು, ಬೇರು, ಜಾವಾ ಫರ್ನ್, ಅನುಬಿಯಾಸ್ ಗಿಡ ಎಲ್ಲ ಬಂದದ್ದು ಆಮೇಲೆ. ನಂತರ ಪ್ಲೆಕೋ, ಕೊನೆಗೆ ಲೋಚ್. ಇವನ್ನು ಮಾತ್ರ 60 ಲೀಟರಿನ ಪ್ಲಾಸ್ಟಿಕ್ ಟಬ್‌ನಲ್ಲಿ ತಿಂಗಳು ಇಟ್ಟೆ, ದೊಡ್ಡ ಕ್ಯಾನಿಸ್ಟರ್‌ನಲ್ಲಿ ಮೊದಲೇ ಇಟ್ಟು ಪಳಗಿಸಿದ ಸ್ಪಾಂಜ್ ಫಿಲ್ಟರ್ ಹಾಕಿ. ಲೋಚ್‌ಗಳು ತೆಳ್ಳಗೆ ಬಂದಿದ್ದವು. ಎಷ್ಟು ತಿಂದರೂ ಬೆನ್ನಿನ ಏಣು ಎದ್ದು ಕಾಣುತ್ತಿದ್ದರೆ ಹೊಟ್ಟೆಯಲ್ಲಿ ಹುಳ ಅಂತಲೇ ಲೆಕ್ಕ. ಹುಳದ ಔಷಧ ಲೆವಮಿಸೋಲ್ ಕೊಟ್ಟ ಮೇಲೆ ದುಂಡಗಾದವು. ಈಗ ಟ್ಯಾಂಕ್‌ನಲ್ಲಿ ಒಂದು ಬಸವನಹುಳು ತೋರಿಸಿ ನೋಡೋಣ, ಎಲ್ಲ ಲೋಚ್ ಹೊಟ್ಟೆಗೆ.

ಜೊತೆಗೆ ಪರ್ಲ್ ಗೌರಾಮಿ ಮೀನಿನ ಪ್ರಯತ್ನವೂ ಆಯಿತು. ಆಗಲಿಲ್ಲ. ಯಾರೂ ಯಾರನ್ನೂ ಕಚ್ಚಲಿಲ್ಲ, ಆದರೆ ಗೌರಾಮಿ ಆಹಾರವನ್ನು ಮೂಸಿ, ಯೋಚಿಸಿ, ಬಾಯಿಗೆ ಹಾಕುವಷ್ಟರಲ್ಲಿ ರೇನ್‌ಬೋಗಳು ಎಲ್ಲ ಖಾಲಿ ಮಾಡಿರುತ್ತಿದ್ದವು. ಗೌರಾಮಿಗಳು ಮೂಲೆ ಸೇರಿದವು. ಸ್ನೇಹಿತರ ನಾಲ್ಕಡಿ ಟ್ಯಾಂಕ್‌ಗೆ ಹೋಗಿ ಈಗ ಆರಾಮಾಗಿವೆ. ಏಂಜೆಲ್ ಮೀನು ಹಾಕಿದ್ದರೂ ಇದೇ ಕಥೆ ಆಗುತ್ತಿತ್ತು ಅನಿಸುತ್ತದೆ. ಪಾಚಿ ತಿನ್ನುತ್ತದೆ ಅಂತ ಕೊಡುವ ಚೈನೀಸ್ ಆಲ್ಗೀ ಈಟರ್ ಅಂತೂ ಮನೆಗೆ ತರಲೇಬೇಡಿ. ಮರಿಯಾಗಿದ್ದಾಗ ಪಾಚಿ, ಬೆಳೆದ ಮೇಲೆ ಬೇರೆ ಮೀನಿನ ಮೈಗೆ ಅಂಟಿ ಲೋಳೆ ಎಳೆಯುತ್ತದೆ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಎಂಟು ಒಂಬತ್ತು ತಿಂಗಳಾದಾಗ ಗಂಡುಗಳ ಹಿಂಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿತು, ಮುಂಭಾಗ ನೀಲಿ. ಬೆಳಗ್ಗೆ ಲೈಟ್ ಹತ್ತಿದ ಮೊದಲ ಅರ್ಧ ಗಂಟೆ ನೋಡಬೇಕು. ಎರಡು ಗಂಡು ಪಕ್ಕಪಕ್ಕ ನಿಂತು ರೆಕ್ಕೆ ಪೂರ್ತಿ ಬಿಚ್ಚಿ ನಡುಗುತ್ತವೆ, ಮೂತಿಯಿಂದ ಬೆನ್ನಿನವರೆಗೆ ಒಂದು ಬೆಳ್ಳನೆ ಪಟ್ಟೆ ಲೈಟ್ ಹಾಕಿದ ಹಾಗೆ ಹತ್ತಿ ಆರುತ್ತದೆ. ನಕ್ಕಿದ್ದವರೊಬ್ಬರು ಇದನ್ನು ನೋಡಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ನಾನೂ ಏನೂ ಹೇಳಲಿಲ್ಲ, ಸುಮ್ನೆ ಕಾಫಿ ಕೊಟ್ಟೆ.

ಒಮ್ಮೆ ಕುತೂಹಲಕ್ಕೆ ಒಂದನ್ನು ಬಿಟ್ಟು ಉಳಿದ ಗಂಡುಗಳನ್ನೆಲ್ಲ ಟಬ್‌ಗೆ ಎತ್ತಿದೆ. ಉಳಿದ ಆ ಒಂದು ಗಂಡು ವಾರದಲ್ಲೇ ಮಂಕಾಯಿತು. ಜಂಬ ತೋರಿಸೋಕೆ ಎದುರಾಳಿ ಬೇಕು. ವಾಪಸ್ ಬಿಟ್ಟ ಮೇಲೆ ಮತ್ತೆ ಹೊಳಪು. ಹಾಗಾಗಿ ಒಂದು ಗಂಡಿಗೆ ಮೂರು ಹೆಣ್ಣು ಅನ್ನೋ ಲೆಕ್ಕ ದೊಡ್ಡ ಗುಂಪಿಗೆ ಬೇಕಾಗಿಲ್ಲ. ನನ್ನಲ್ಲಿ ಹೆಣ್ಣು ಸ್ವಲ್ಪ ಜಾಸ್ತಿ, ಅಷ್ಟೇ. ಇನ್ನು ಊಟ. ಸ್ಪಿರುಲಿನಾ ಇರುವ ಪುಡಿ, ಫ್ರೀಜ್ ಮಾಡಿದ ಬ್ರೈನ್ ಶ್ರಿಂಪ್, ಮತ್ತೆ ಇನ್ನೊಂದು. ಆ ಇನ್ನೊಂದು ಏನು ಅಂತ ಕೇಳಬೇಡಿ.

ಮರಿ ಮಾಡಿಸುವ ಪ್ರಯೋಗವೂ ನಡೆಯಿತು. ಹಸಿರು ಅಕ್ರಿಲಿಕ್ ಉಲ್ಲನ್ ಕುಚ್ಚು ಕಟ್ಟಿ ಕಾರ್ಕ್‌ಗೆ ಸಿಕ್ಕಿಸಿ ತೇಲಿಬಿಟ್ಟೆ. ಎರಡೇ ದಿನಕ್ಕೆ ಎಳೆಗಳ ಮಧ್ಯೆ ಗಾಜಿನ ಚೂರಿನಂಥ ಮೊಟ್ಟೆ, ಬೆರಳಿನಿಂದ ಹಿಡಿದರೂ ಒಡೆಯಲ್ಲ, ರಬ್ಬರಿನ ಹಾಗೆ ಗಟ್ಟಿ. ವಾರದ ಆಸುಪಾಸು ಮರಿ ಹೊರಬಂತು. ಬಾಯಿ ಎಷ್ಟು ಸಣ್ಣ ಅಂದ್ರೆ ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾ (ಬ್ರೈನ್ ಶ್ರಿಂಪ್ ಮರಿ) ಕೂಡ ಹಿಡಿಸಲ್ಲ. ಪಾಚಿಯ ಹಸಿರು ನೀರು, ಇನ್‌ಫ್ಯೂಸೋರಿಯಾದಲ್ಲೇ (ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು) ಮೊದಲ ವಾರ ದಾಟಿಸಬೇಕು. ನೂರಕ್ಕೆ ಇಪ್ಪತ್ತೂ ಉಳಿಯಲಿಲ್ಲ. ಉಳಿದವನ್ನು ಕೊಟ್ಟು ಲೋಚ್ ತಂದ ಖರ್ಚು ಹುಟ್ಟಿತು, ಆದರೆ ಶ್ರಮಕ್ಕೆ ಹೋಲಿಸಿದರೆ ಲಾಭ ಅನ್ನೋ ಹಾಗಿಲ್ಲ.

"ಇನ್ನೂ ಜಾಗ ಇದೆಯಲ್ಲ, ಇನ್ನೇನಾದರೂ ಹಾಕು" ಅನ್ನೋರು ಈಗಲೂ ಇದ್ದಾರೆ. ಜಾಗ ಇದೆಯೋ ಇಲ್ಲವೋ ಅನ್ನೋದನ್ನು ನಾನು ಕಣ್ಣಲ್ಲಿ ನೋಡಲ್ಲ, ಟೆಸ್ಟ್ ಕಿಟ್‌ನಲ್ಲಿ ನೋಡುತ್ತೇನೆ. ನೀರು ಬದಲಿಸಿದ ದಿನ ನೈಟ್ರೇಟ್ ಎಷ್ಟು, ವಾರ ಬಿಟ್ಟು ಎಷ್ಟು. ಏರಿಕೆ 20 ಪಿಪಿಎಂ ಒಳಗಿದ್ದರೆ ಸರಿ. ಮರಿ ಇದ್ದಾಗ ಐದೂ ಏರುತ್ತಿರಲಿಲ್ಲ, ಈಗ ಎಲ್ಲ ಬಲಿತ ಮೇಲೆ 15ರ ಹತ್ತಿರ ಬರುತ್ತದೆ, ವಾರಕ್ಕೆ ಮೂರನೇ ಒಂದು ಭಾಗ ನೀರು ತೆಗೆಯುತ್ತೇನೆ. ಅಂದ್ರೆ ಖಾಲಿ ಕಂಡಿದ್ದ ಟ್ಯಾಂಕ್ ಸರಿಯಾಗಿ ತುಂಬಿದೆ.

ಒಂದು ಮರೆತೆ, ಮುಚ್ಚಳ. ರೇನ್‌ಬೋ ಹಾರುತ್ತವೆ, ಅದೂ ಗಂಡುಗಳು ಅಟ್ಟಾಡುವಾಗ. ಗಾಜಿನ ಮುಚ್ಚಳ ಹಾಕಿದರೂ ಫಿಲ್ಟರ್ ಪೈಪ್ ಇಳಿಯುವ ಮೂಲೆಯಲ್ಲಿ ಎರಡು ಬೆರಳು ಸಂದು ಉಳಿಯುತ್ತದೆ, ಅದರಲ್ಲೇ ಒಂದು ಒಳ್ಳೆಯ ಗಂಡು ಹೋಯಿತು. ಸೊಳ್ಳೆ ಪರದೆಯ ತುಂಡು ಕತ್ತರಿಸಿ ಆ ಸಂದಿಗೆ ಸಿಲಿಕಾನ್ ಹಾಕಿ ಅಂಟಿಸಿದೆ. ಅಲ್ಲಿಂದೀಚೆಗೆ ನೆಲದ ಮೇಲೆ ಒಂದೂ ಸಿಕ್ಕಿಲ್ಲ. ನೀವು ಮೀನು ತರುವ ಮೊದಲೇ ಅದನ್ನು ಮಾಡಿಬಿಡಿ.